ಆರಬೇಕಾದ ದೀಪ

ಕಂಬದ ಮೇಲಿನ ಫ್ಯೂಸ್ ಕಿತ್ತು ಗಿಡ್ಡಪ್ಪ ಏಣಿಯಿಂದ ಕೆಳಗಿಳಿದ. ಐಸ್ ಫ್ಯಾಕ್ಟರಿಯೊಳಗಿನ ದೀಪ ಮಾತ್ರ ಆರಲಿಲ್ಲ.

"ನೋಡಿದ್ಯಾ ಪುಟ್ಟಿ!" ಅಣ್ಣ ಚಪ್ಪಾಳೆ ತಟ್ಟಿದ. "ಲೈನ್ ಹೋದ್ರೂ ನನ್ನ ಸೋಲಾರ್ ನಿಲ್ಲಲ್ಲ. ಮಶೀನು ಓಡ್ತಾನೇ ಇದೆ."

ಐಸ್ ಸಾಹುಕಾರರ ಮುಖ ಊರಗಲವಾಯಿತು. ಪುಟ್ಟಿಯ ಹುಬ್ಬು ಗಂಟಿಕ್ಕಿತು. ಮನೆಯಲ್ಲಿ ಪುಟ್ಟಿಯಾದರೂ ಇಲ್ಲಿ ಅವಳು ವಿದ್ಯುತ್ ಕಚೇರಿಯ ಇಂಜಿನಿಯರ್. ಈ ಚಾವಣಿಯ ಸೋಲಾರನ್ನು ಊರಿನ ಲೈನಿಗೆ ಸೇರಿಸಬೇಕಾದರೆ ಅವಳು ಹೂಂ ಅನ್ನಬೇಕು. ಅದಕ್ಕಿರುವ ಪರೀಕ್ಷೆಯೂ ಒಂದು ಥರ ತಲೆಕೆಳಗು: ಲೈನ್ ಹೋದ ಕೂಡಲೇ ಸೋಲಾರ್ ಕೂಡ ತೆಪ್ಪಗಾಗಬೇಕು. ಆರಿದರೆ ಪಾಸು, ಉರಿದರೆ ಫೇಲು. ಆರದಿದ್ದರೆ ಚಾವಣಿಯ ಕರೆಂಟು ಹಿಂದಕ್ಕೆ ಹರಿದು, ಲೈನ್ ಸತ್ತಿದೆಯೆಂದು ನಂಬಿ ಕಂಬ ಹತ್ತಿದವನನ್ನು ಬಲಿ ತೆಗೆದುಕೊಳ್ಳುತ್ತದೆ.

ಗಿಡ್ಡಪ್ಪ ಆರಡಿ ಎತ್ತರದ ಲೈನ್‌ಮ್ಯಾನ್. ಅಡ್ಡಹೆಸರು ಇಟ್ಟವರಿಗೆ ಬೇರೆ ಕೆಲಸವಿರಲಿಲ್ಲ. ಅವನು ಮೀಟರಿನಿಂದ ಕಂಬಕ್ಕೆ ಹೋಗುವ ತಂತಿಗೆ ಟೆಸ್ಟರ್ ಹಿಡಿದ. ಅದು ಹೊತ್ತಿಕೊಂಡಿತು.

"ಮೇಡಂ, ಇದರಲ್ಲಿ ಇನ್ನೂ ಜೀವ ಇದೆ."

ಅವಳು ಗೋಡೆಯ ಪೆಟ್ಟಿಗೆ ತೆರೆದು ನೋಡಿದಳು. "ಬರೀ ಸೋಲಾರ್ ಆಗಿದ್ರೆ ಲೈನ್ ಜೊತೆಗೇ ತಾನೂ ಆರ್ತಿತ್ತು. ಬ್ಯಾಟರಿ ಸೇರಿಸಿದೀಯಲ್ಲ ಅಣ್ಣ?"

"ಮತ್ತೆ? ಕರೆಂಟ್ ಹೋದ್ರೆ ಐಸ್ ಕರಗಿ ನೀರಾಗಲ್ವಾ? ಸಾಹುಕಾರ್ರು ಕೇಳಿದ್ರು, ಹಾಕ್ಕೊಟ್ಟೆ."

"ಹಾಕು, ಯಾರು ಬೇಡ ಅಂದ್ರು? ಕರೆಂಟ್ ಹೋದಾಗ ತಾನಾಗೇ ಲೈನ್ ಬಿಡಿಸೋ ಸ್ವಿಚ್ ಎಲ್ಲಿ?"

"ಮುಂದಿನ ವಾರ ಬರುತ್ತೆ. ಇವತ್ತು ಸೇರಿಸ್ಬಿಡು." ಅಣ್ಣ ದನಿ ತಗ್ಗಿಸಿದ. "ನಾನೇನು ಹೊರಗಿನವನಾ?"

ಅವಳಿಗೆ ಸಂಕಟವಾಯಿತು. ಇದು ಅವನ ಮೊದಲ ದೊಡ್ಡ ಕೆಲಸ. ಕೈತಪ್ಪಿದರೆ ಮತ್ತೆ ಫ್ಯಾನು, ಮಿಕ್ಸಿ ರಿಪೇರಿ ಮಾಡುತ್ತ ಕೂರಬೇಕು. ಚಿಕ್ಕಂದಿನಲ್ಲಿ ಅವಳ ಕೈಗೆ ಮೊದಲು ಸ್ಕ್ರೂಡ್ರೈವರ್ ಕೊಟ್ಟವನೂ ಅವನೇ. ಆದರೂ ಅವಳು ಪೆಟ್ಟಿಗೆಯ ಬಾಗಿಲು ಮುಚ್ಚಿ, "ಆಗಲ್ಲ. ಲೈನ್ ಹೋದ್ರೆ ದೀಪ ಆರಲೇಬೇಕು" ಎಂದಳು.

"ದೀಪ ಆರಲಿ ಆರಲಿ ಅಂತೀರಲ್ಲ ತಾಯಿ, ಬಾಯಲ್ಲಿ ಒಂದು ಒಳ್ಳೆ ಮಾತು ಬರಬಾರದಾ?" ಎನ್ನುತ್ತ ಸಾಹುಕಾರರು ಯಾರಿಗೋ ಫೋನ್ ಹಚ್ಚಿ ಅವಳ ಕೈಗಿತ್ತರು. ಆ ಕಡೆ ಅವಳ ಮೇಲಧಿಕಾರಿ.

"ನೋಡಮ್ಮ, ನಮಗೆ ಬೇಕಾದವರು. ಸ್ವಲ್ಪ ಅಡ್ಜಸ್ಟ್ ಮಾಡ್ಕೊ."

"ಇದರಲ್ಲಿ ಅಡ್ಜಸ್ಟ್ ಇಲ್ಲ ಸಾರ್."

"ನಾನು ಹೇಳ್ತಿದೀನಿ!"

"ಹಾಗಾದ್ರೆ ನೀವೇ ಬಂದು ಫ್ಯೂಸ್ ಹಾಕಿ ಸಾರ್. ನಾನು ಕಂಬದ ಬುಡದಲ್ಲೇ ಕೂತಿರ್ತೀನಿ. ನನ್ನನ್ನ ದಾಟ್ಕೊಂಡು ಹತ್ತಬೇಕಾಗುತ್ತೆ."

ಫೋನು ಸಾಹುಕಾರರಿಗೆ ವಾಪಸಾಯಿತು. ಅಣ್ಣನ ಮುಖ ಕೆಂಪೇರಿತ್ತು.

"ಊರಿಗೆ ಉಪಕಾರ ಮಾಡ್ತೀಯ, ಅಣ್ಣನ ಹೊಟ್ಟೆ ಮೇಲೆ ಹೊಡೀತೀಯ. ಅಮ್ಮಂಗೆ ಏನಂತ ಹೇಳ್ಲಿ?"

"ಹಾಗೇ ಹೇಳು. ಈಗ ಬಾ, ಏಣಿ ಹತ್ತು."

"ಏನಂದೆ?"

"ಫ್ಯೂಸ್ ಕಿತ್ತಾಗಿದೆ, ಲೈನ್ ಸತ್ತಿದೆ ಅಂತ ತಾನೆ ನಿನ್ನ ಲೆಕ್ಕ? ಆ ತಂತಿ ನೀನು ಮುಟ್ಟು. ನೀನು ಮುಟ್ಟದ ತಂತೀನ ಗಿಡ್ಡಪ್ಪ ಯಾಕೆ ಮುಟ್ಟಬೇಕು?"

ಅಣ್ಣನೂ ಅದೇ ಹೊಟ್ಟೆಯಲ್ಲಿ ಹುಟ್ಟಿದವನು. ಧಡಧಡ ಹೊರಗೆ ಹೋಗಿ ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟ. ಎರಡನೆಯದಕ್ಕೂ ಇಟ್ಟ. "ಅಯ್ಯೋ ಬೇಡಪ್ಪಾ, ಇಳಿ!" ಎಂದು ಸಾಹುಕಾರರೇ ಕೂಗಿದರು. ಪುಟ್ಟಿಯೂ ಹಿಂದೆಯೇ ಬಂದಿದ್ದಳು. ಅವಳಿಗೆ ಅರಿವಿಲ್ಲದೆಯೇ ಅವಳ ಕೈ ಅಣ್ಣನ ಅಂಗಿಯ ಚುಂಗನ್ನು ಬಿಗಿಯಾಗಿ ಹಿಡಿದುಕೊಂಡಿತ್ತು.

ಅಣ್ಣ ಆ ಕೈಯನ್ನು ನೋಡಿದ. ತಲೆಯೆತ್ತಿ ತಂತಿಯನ್ನು ನೋಡಿದ. ಆಮೇಲೆ, ಟೆಸ್ಟರ್ ಹಿಡಿದು ಸುಮ್ಮನೆ ನಿಂತಿದ್ದ ಗಿಡ್ಡಪ್ಪನನ್ನು. ಕೆಳಗಿಳಿದು, ಅಂಗಿ ಬಿಡಿಸಿಕೊಂಡು ಒಳಗೆ ಹೋದ.

ಸ್ವಲ್ಪ ಹೊತ್ತಿಗೆ ಮಶೀನಿನ ಸದ್ದು ನಿಂತಿತು. ದೀಪ ಆರಿತು.

"ಏನಾಯ್ತು?" ಸಾಹುಕಾರರು ಗಾಬರಿಬಿದ್ದರು.

"ಬ್ಯಾಟರಿ ತೆಗೆದೆ. ಸ್ವಿಚ್ ಬರೋ ತನಕ ಅದು ಹೊರಗೇ ಇರುತ್ತೆ," ಒಳಗಿನಿಂದ ಅಣ್ಣನ ದನಿ ಬಂತು. "ಪಾಸಾಯ್ತು ಅಂತ ಹೇಳಿ ನಿಮ್ಮ ಇಂಜಿನಿಯರಮ್ಮಂಗೆ."

"ಇನ್ನೂ ಆಗಿಲ್ಲ," ಎಂದಳು ಪುಟ್ಟಿ. "ಫ್ಯೂಸ್ ಹಾಕಿಸಿ ಇನ್ನೊಂದ್ಸಲ ಕಿತ್ತು ನೋಡ್ತೀನಿ."

"ನೋಡು! ಸಂಜೆ ತನಕ ಕಿತ್ತು ನೋಡು!"

ಗಿಡ್ಡಪ್ಪ ತಂತಿಗೆ ಮತ್ತೆ ಟೆಸ್ಟರ್ ಹಿಡಿದ. ಈ ಸಲ ಅದು ಹೊತ್ತಲಿಲ್ಲ. ಕೈಗವಸು ತೊಟ್ಟು ಹತ್ತತೊಡಗಿದ. ಅವನ ಭಾರಕ್ಕೆ ಏಣಿ ಕೊಂಚ ಅಲುಗಿತು. ಅಣ್ಣ ಹೊರಗೆ ಬಂದು, ತಂಗಿಯ ಕಡೆ ತಿರುಗಿಯೂ ನೋಡದೆ, ಏಣಿಯನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದು, ಮೇಲಕ್ಕೆ ಹೋಗುತ್ತಿದ್ದ ಆ ಪಾದಗಳನ್ನೇ ನೋಡುತ್ತ ನಿಂತ.