ಭೀಮವ್ವ ತೋಳು ತೋರಿಸಿದಳು

ತೆಲಂಗಾಣದ ಕಲ್ಹೇರ್ ಹತ್ತಿರದ ಒಂದು ಹಳ್ಳಿ. ಅಲ್ಲಿ ಕಲ್ಯಾಣಪ್ಪ ಮತ್ತು ಅವನ ಹೆಂಡತಿ ಭೀಮವ್ವ ಕುರಿ ಸಾಕಿಕೊಂಡು, ಎರಡೆಕರೆಯಲ್ಲಿ ಜೋಳ ಬೆಳೆದುಕೊಂಡು ಇದ್ದರು. ಮಗಳು ಭಾಗ್ಯ ದಿನಾ ನಾರಾಯಣಖೇಡಕ್ಕೆ ಹೋಗಿಬಂದು ಇಂಟರ್, ಅಂದರೆ ಪಿಯುಸಿ, ಓದುತ್ತಿದ್ದಳು.

ಒಂದು ಮುಂಜಾನೆ ಭೀಮವ್ವ ರೊಟ್ಟಿ ಮಾಡುತ್ತಿದ್ದಾಗ ಕಾದ ಹಂಚಿನ ಅಂಚು ಅವಳ ಎಡತೋಳಿಗೆ ತಗುಲಿತು. ಅದನ್ನು ಮೊದಲು ಕಂಡವಳು ಭಾಗ್ಯ.

"ಯವ್ವಾ, ಕೈ ತೆಗಿ! ಸುಡಾಕತ್ತದ!"

"ಎಲ್ಲಿ?" ಎಂದಳು ಭೀಮವ್ವ.

ಅವಳಿಗೆ ಗೊತ್ತೇ ಆಗಿರಲಿಲ್ಲ. ಸುಟ್ಟ ಜಾಗದಲ್ಲಿ ತಿಳಿ ಬಣ್ಣದ ಒಂದು ಮಚ್ಚೆ ಇತ್ತು. ಹೋದ ವರ್ಷವೇ ಎದ್ದದ್ದು. ತುರಿಕೆ ಇಲ್ಲ, ನೋವಿಲ್ಲ. ಹಾಗಾಗಿ ಯಾರೂ ಅದರ ಕಡೆ ನೋಡಿರಲಿಲ್ಲ.

"ಅದು ಚಿಬ್ಬು. ಅರಿಶಿಣ ಹಚ್ಚು, ಹೋಗ್ತದ," ಎಂದ ಕಲ್ಯಾಣಪ್ಪ. "ನೋವೇ ಇಲ್ಲಂದ್ರ ಅದ್ಯಾವ ರೋಗ?"

ಭಾಗ್ಯಳಿಗೆ ಸಮಾಧಾನವಾಗಲಿಲ್ಲ. ಊರಿನ ಆಶಾ ಕಾರ್ಯಕರ್ತೆ ಶಿವಕಾಂತಾಳ ಮನೆಗೆ ಹೋಗಿ ಹೇಳಿದಳು. ಸಂಜೆ ಶಿವಕಾಂತಾ ಬಂದು ಭೀಮವ್ವನ ಪಕ್ಕ ಕುಳಿತಳು.

"ಭೀಮಕ್ಕ, ಕಣ್ಣು ಮುಚ್ಚು. ನಾ ಎಲ್ಲಿ ಮುಟ್ತೀನಿ, ಅಲ್ಲಿ ಬೆರಳು ಇಡು."

ಶಿವಕಾಂತಾ ಪೆನ್ನಿನ ತುದಿಯಿಂದ ಮೆಲ್ಲಗೆ ಮಣಿಕಟ್ಟು ಮುಟ್ಟಿದಳು. ಭೀಮವ್ವ ಸರಿಯಾಗಿ ಅಲ್ಲೇ ಬೆರಳಿಟ್ಟಳು. ಮೊಣಕೈ ಮುಟ್ಟಿದಾಗಲೂ ಸರಿಯಾಗಿ ತೋರಿಸಿದಳು. ಆಮೇಲೆ ಶಿವಕಾಂತಾ ಮಚ್ಚೆಯ ಮೇಲೆ ಮುಟ್ಟಿದಳು. ಮತ್ತೆ ಮುಟ್ಟಿದಳು. ಮೂರನೆಯ ಸಲವೂ ಮುಟ್ಟಿದಳು.

ಕಣ್ಣು ಮುಚ್ಚಿಕೊಂಡೇ ಭೀಮವ್ವ ಕೇಳಿದಳು: "ಮುಟ್ಟು ಮತ್ತ, ಯಾಕ ಸುಮ್ಮ ಕುಂತಿ?"

ಭಾಗ್ಯ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಕಲ್ಯಾಣಪ್ಪ ಎಲ್ಲವನ್ನೂ ನೋಡುತ್ತಲೇ ಇದ್ದ.

"ಅಣ್ಣಾ, ಫಿಕರ್ ಮಾಡಬ್ಯಾಡ್ರಿ," ಎಂದಳು ಶಿವಕಾಂತಾ. "ಇದು ಕುಷ್ಠರೋಗದ ಶುರು ಇರಬಹುದು. ಡಾಕ್ಟರ್ ನೋಡಿ ಹೇಳ್ತಾರ. ಒಂದೇ ಮಚ್ಚೆ ಅದ, ಆರು ತಿಂಗಳು ಗುಳಿಗಿ ತಗೊಂಡ್ರ ಸಾಕಾಗ್ತದ. ಸರ್ಕಾರಿ ದವಾಖಾನ್ಯಾಗ ಪುಕ್ಕಟೆ ಕೊಡ್ತಾರ."

ಕಲ್ಯಾಣಪ್ಪ ಎದ್ದು ನಿಂತ. "ಆ ಹೆಸರು ನಮ್ಮ ಮನ್ಯಾಗ ಎತ್ತಬ್ಯಾಡವ್ವ. ಮುಂದ ಮಗಳಿಗೆ ಗಂಡು ನೋಡೋದದ. ಮಂದಿ ಏನಂದಾರು? ಇನ್ನಾ ನಾಕ್ ತಿಂಗಳು ಹೋಗ್ಲಿ, ಆಮ್ಯಾಗ ನೋಡಾಮಿ."

"ಒಂದು ಕುರಿ ಕುಂಟಿದ್ರ ಅವತ್ತೇ ಕಾಲು ಎತ್ತಿ ನೋಡ್ತೀರಿ. ಭೀಮಕ್ಕನ ಕೈಗೆ ನಾಕ್ ತಿಂಗಳು ಯಾಕ ಬೇಕ್ರಿ?"

ಕಲ್ಯಾಣಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಕುರಿಹಟ್ಟಿಯ ಕಡೆ ನಡೆದ.

ಮರುದಿನ ಕುರಿ ಮೇಯಿಸುವಾಗ ಅವನಿಗೆ ಮುದುಕ ಪೋಚಪ್ಪ ಜೊತೆಯಾದ. ಪೋಚಪ್ಪನ ಬಲಗೈ ಬೆರಳುಗಳು ಒಳಕ್ಕೆ ಮಡಚಿಕೊಂಡಿದ್ದವು. ಇಬ್ಬರೂ ಎಷ್ಟೋ ವರ್ಷ ಒಟ್ಟಿಗೆ ಕುರಿ ಕಾದವರು. ಆದರೂ ಕಲ್ಯಾಣಪ್ಪ ಆ ಬೆರಳುಗಳ ಬಗ್ಗೆ ಕೇಳಿದ್ದು ಅಂದೇ ಮೊದಲು.

"ಕಾಕಾ, ಇದು ಹೆಂಗಾತು?"

ಪೋಚಪ್ಪ ಕೈ ನೋಡಿಕೊಂಡ. "ಮದಲು ನಂದೂ ಒಂದೇ ಮಚ್ಚೆ ಇತ್ತಪ್ಪ. ಮಂದಿಗೆ ಹೆದರಿ ತುಂಬುತೋಳಿನ ಅಂಗಿ ಹಾಕ್ಕೊಂಡು ಆರು ವರ್ಷ ಮುಚ್ಚಿಟ್ಟೆ. ಆಮ್ಯಾಗ ಗುಳಿಗಿ ತಗೊಂಡೆ, ರೋಗ ಹೋತು. ಬೆರಳು ಮಾತ್ರ ನೆಟ್ಟಗಾಗ್ಲಿಲ್ಲ. ಈಗ ಅಂಗಿ ಗುಂಡಿ ನಾ ಹಾಕ್ಕೊಳ್ಳಾಕ ಆಗಲ್ಲ, ಸೊಸಿ ಹಾಕ್ತಾಳ."

ಕಲ್ಯಾಣಪ್ಪ ಅಂದು ಕುರಿಗಳನ್ನು ಬೇಗನೆ ಮನೆಗೆ ಹೊಡೆದುಕೊಂಡು ಬಂದ. "ನಾಳಿ ಮುಂಜಾನಿ ಕಲ್ಹೇರಕ್ಕ ಹೋಗಾಮಿ," ಎಂದು ಹೆಂಡತಿಗೆ ಹೇಳಿದ. "ನಾನೂ ಬರ್ತೀನಿ."

ಮರುದಿನ ಭಾಗ್ಯಳೂ ಸೇರಿ ಮೂವರೂ ಕಲ್ಹೇರಿನ ಸರ್ಕಾರಿ ದವಾಖಾನೆಗೆ ಹೋದರು. ಡಾಕ್ಟರು ತೋಳು ನೋಡಿ, ಅದು ಕುಷ್ಠರೋಗವೇ ಎಂದರು. ಇಷ್ಟು ಬೇಗ ಬಂದದ್ದು ಒಳ್ಳೆಯದಾಯಿತು ಎಂದೂ ಹೇಳಿದರು. ಸುಟ್ಟ ಗಾಯಕ್ಕೆ ಔಷಧಿ ಹಚ್ಚಿ, ಗಂಡ ಮತ್ತು ಮಗಳನ್ನೂ ಪರೀಕ್ಷಿಸಿದರು. ಅವರಿಬ್ಬರಿಗೂ ಏನೂ ಇರಲಿಲ್ಲ. ಭೀಮವ್ವನಿಗೆ ಗುಳಿಗೆ ಶುರುವಾಯಿತು.

ಮರುದಿನವೇ ಅವಳ ಮೂತ್ರ ಕೆಂಪಾಯಿತು. ಕಲ್ಯಾಣಪ್ಪ ಗಾಬರಿಯಾದ. "ಬಂದ್ ಮಾಡು ಆ ಗುಳಿಗಿ!"

ಭೀಮವ್ವ ನಕ್ಕಳು. "ಅದು ಗುಳಿಗಿ ಬಣ್ಣ ರೀ. ಶಿವಕಾಂತಾ ಮದಲೇ ಹೇಳ್ಯಾಳ."

ಅವಳು ಒಂದು ದಿನವೂ ಗುಳಿಗೆ ತಪ್ಪಿಸಲಿಲ್ಲ. ಝರಾಸಂಗಂ ಊರಿಗೆ ತಮ್ಮನ ಮಗಳ ಮದುವೆಗೆ ಹೋದಾಗಲೂ ಎಲೆಯಡಿಕೆ ಸಂಚಿಯಲ್ಲಿ ಗುಳಿಗೆ ಇಟ್ಟುಕೊಂಡೇ ಹೋದಳು. ಆರು ತಿಂಗಳು ಮುಗಿದಾಗ ಡಾಕ್ಟರು ಅವಳ ಒಂದೊಂದು ಬೆರಳನ್ನೂ ಮಡಚಿಸಿ, ಬಿಡಿಸಿ ನೋಡಿದರು. ಎಲ್ಲವೂ ಗಟ್ಟಿಯಾಗಿ, ನೆಟ್ಟಗೆ ಇದ್ದವು. ಇನ್ನು ಔಷಧಿ ಬೇಡ ಎಂದರು.

ಆ ವಾರ ಮಹಿಳಾ ಸಂಘದ ಸಭೆ ಇತ್ತು. ಶಿವಕಾಂತಾ ಮಚ್ಚೆಗಳ ಬಗ್ಗೆ ಹೇಳುತ್ತಿದ್ದಳು. ಕೇಳುತ್ತಿದ್ದವರಲ್ಲಿ ಕೆಲವರು ಮುಖ ತಿರುಗಿಸಿದರು. "ಅಂಥಾದು ನಮ್ಮೂರಾಗ ಯಾರಿಗೂ ಇಲ್ಲ," ಎಂದಳು ಒಬ್ಬಳು.

ಭೀಮವ್ವ ಎದ್ದು ನಿಂತಳು. ರವಿಕೆಯ ತೋಳು ಮೇಲೆ ಸರಿಸಿ, ಕೈ ಮುಂದೆ ಚಾಚಿದಳು.

"ನನಗಿತ್ತು. ಜಲ್ದಿ ತೋರಿಸಿದೆ, ಹೋತು. ನೋಡ್ರಿ, ಹತ್ತೂ ಬೆರಳು ಹಂಗೇ ಅವ. ನಾ ಯಾಕ ನಾಚ್ಕೋಬೇಕು?"

ಹಿಂದೆ ಕುಳಿತಿದ್ದ ಒಬ್ಬಳು ಎದ್ದು ಬಂದು, ತನ್ನ ಬೆನ್ನು ನೋಡುವಂತೆ ಶಿವಕಾಂತಾಳಿಗೆ ಮೆಲ್ಲಗೆ ಹೇಳಿದಳು. ಆಮೇಲೆ ಮತ್ತಿಬ್ಬರು ಬಂದರು. ಇಬ್ಬರಿಗೆ ಬರೀ ಚಿಬ್ಬು. ಮುಟ್ಟಿದ್ದು ಗೊತ್ತಾಗದ ಮೂರನೆಯವಳನ್ನು ಮರುದಿನ ದವಾಖಾನೆಗೆ ಕರೆದುಕೊಂಡು ಹೋದದ್ದು ಭೀಮವ್ವನೇ.

ಸಭೆ ನಡೆದಾಗ ಹೊರಗೆ ಹೆಂಡತಿಗಾಗಿ ಕಾಯುತ್ತಿದ್ದ ಕಲ್ಯಾಣಪ್ಪ ಕಿಟಕಿಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಪಕ್ಕದಲ್ಲಿದ್ದವನಿಗೆ ಎದೆಯುಬ್ಬಿಸಿ ಹೇಳಿದ: "ಈಗ ಮಾತಾಡಿದಾಕಿ ನಮ್ಮ ಮನಿಯಾಕಿ!"

ಅಕ್ಕಂದಿರೇ, ಅಣ್ಣಂದಿರೇ, ಇವತ್ತು ಸ್ನಾನ ಮಾಡುವಾಗ ನಿಮ್ಮ ಮೈ ಒಮ್ಮೆ ನೋಡಿಕೊಳ್ಳಿ. ಬೆನ್ನು ನಿಮಗೆ ಕಾಣುವುದಿಲ್ಲ, ಮನೆಯವರಿಗೆ ತೋರಿಸಿ. ತಿಳಿ ಬಣ್ಣದ ಅಥವಾ ಕೆಂಪು ಮಚ್ಚೆ ಇದ್ದು, ಮುಟ್ಟಿದರೆ ಅಲ್ಲಿ ಗೊತ್ತಾಗದಿದ್ದರೆ, ಹಬ್ಬ ಮುಗಿಯಲಿ, ಸುಗ್ಗಿ ಮುಗಿಯಲಿ ಎನ್ನಬೇಡಿ. ನಿಮ್ಮ ಆಶಾ ಕಾರ್ಯಕರ್ತೆಗೆ ಹೇಳಿ, ಸರ್ಕಾರಿ ದವಾಖಾನೆಗೆ ಹೋಗಿ. ಔಷಧಿಗೆ ದುಡ್ಡಿಲ್ಲ. ಈ ರೋಗ ಬಂದದ್ದು ಯಾರ ತಪ್ಪೂ ಅಲ್ಲ, ಬೇಗ ತೋರಿಸಿದರೆ ಕೈಕಾಲಿಗೆ ಊನವೂ ಆಗುವುದಿಲ್ಲ. ಮಚ್ಚೆ ಒಂದೇ ಇರುವಾಗಲೇ ತೋರಿಸಿ.