ಪಕ್ಕದ ಮಂಚದ ಪುಡಿ

ಬಸ್ ಚಾಲಕನ ರಕ್ತದಲ್ಲಿ ಯೀಸ್ಟ್ ಎಂಬ ಶಿಲೀಂಧ್ರ ಬೆಳೆದಿದೆಯೆಂದು ಪ್ರಯೋಗಾಲಯ ಹೇಳುವ ಹೊತ್ತಿಗೆ ಅವನಿಗೆ ಜ್ವರ ಏರಿ ಮೂರು ದಿನವಾಗಿತ್ತು. ಐದನೆಯ ದಿನ ಸತ್ತ. ಮರುವಾರ ಆಸ್ಪತ್ರೆಯ ಆಡಳಿತಾಧಿಕಾರಿ ಅವನ ಹೆಂಡತಿಯನ್ನು ಕರೆಸಿ, ನರ್ಸ್ ಕೈ ತೊಳೆಯದೆ ಕತ್ತಿನ ರಕ್ತನಾಳಕ್ಕೆ ಹಾಕಿದ್ದ ನಳಿಕೆ ಮುಟ್ಟಿದ್ದೇ ಕಾರಣವೆಂದು ಬೆಣ್ಣೆಯಂಥ ಮಾತಿನಲ್ಲಿ ಹೇಳಿ, ಟೈಪು ಮಾಡಿಸಿಟ್ಟಿದ್ದ ದೂರನ್ನು ಮುಂದೆ ಸರಿಸಿದ. ಓದಿ ಸಹಿ ಹಾಕುತ್ತೇನೆಂದು ಆಕೆ ಅದನ್ನು ಹಿಡಿದು ಹೊರಬಂದಳು.

ಕಾರಿಡಾರಿನ ಬೆಂಚಿನಲ್ಲಿ ಆ ನರ್ಸ್ ಕಾಯುತ್ತಿದ್ದಳು. ಸಹಿ ಬಿದ್ದರೆ ಹನ್ನೊಂದು ವರ್ಷದ ಕೆಲಸ ಹೋಗುತ್ತದೆ. ವಾರ್ಡಿನಲ್ಲಿ ಪುಡಿ ಮಾತ್ರ ಹಾಗೇ ಹಾರಾಡುತ್ತಿರುತ್ತದೆ.

ಪುಡಿಯೆಂದರೆ ಹೊಟ್ಟೆಗೆ ಒಳ್ಳೆಯದೆಂದು ದೊಡ್ಡ ಡಾಕ್ಟರು ಬರೆಯುವ ಕ್ಯಾಪ್ಸೂಲಿನದು. ಜೀವಂತ ಯೀಸ್ಟ್. ನುಂಗಲಾರದವರಿಗೆ ಅದನ್ನು ಮಂಚದ ಬಳಿಯೇ ಬಿಚ್ಚಿ, ನೀರಲ್ಲಿ ಕದಡಿ, ಮೂಗಿನ ನಳಿಕೆಗೆ ಬಿಡಬೇಕು. ಬೇರೆ ಕೋಣೆಯಲ್ಲಿ ಬಿಚ್ಚೋಣವೆಂದು ಅವಳು ಎರಡು ಸಲ ಬರೆದುಕೊಟ್ಟಿದ್ದಳು. ಮೊಸರು ತಿಂದು ಯಾರಾದರೂ ಸತ್ತದ್ದುಂಟೇ ಎಂದು ಡಾಕ್ಟರು ಎಲ್ಲರೆದುರು ನಗಾಡಿದ್ದರು. ಕೋಣೆಯಿಲ್ಲ ಎಂದಿತ್ತು ಕಚೇರಿ. ಡಾಕ್ಟರ ಪ್ರಶಸ್ತಿ ಫಲಕಗಳಿಗೆ ಒಂದು ಕೋಣೆಯಿತ್ತು.

ಚಾಲಕನ ರಕ್ತದಲ್ಲಿದ್ದದ್ದೂ ಕ್ಯಾಪ್ಸೂಲಿನಲ್ಲಿರುವುದೂ ಒಂದೇ ಜಾತಿಯದೆಂದು ಪ್ರಯೋಗಾಲಯದವನು ಪಿಸುಗುಟ್ಟಿದ್ದ. ಇದನ್ನೆಲ್ಲ ನರ್ಸ್ ಹೇಳುತ್ತ ಹೋದಂತೆ ಚಾಲಕನ ಹೆಂಡತಿಯ ಹುಬ್ಬು ಗಂಟಿಕ್ಕಿತು.

"ನಮ್ಮೋರಿಗೆ ಆ ಮಾತ್ರೆ ಕೊಟ್ಟೇ ಇಲ್ಲ ಅಂತೀರಿ. ಪಕ್ಕದ ಮಂಚದ ಅಜ್ಜನಿಗೆ ಕೊಟ್ಟಿದ್ದು ಇವರ ರಕ್ತಕ್ಕೆ ಹೋಯ್ತು ಅಂತೀರಿ. ನನ್ನ ಕಿವಿ ಮೇಲೆ ಹೂ ಇಡ್ತಿದೀರಾ, ಸಿಸ್ಟರ್?"

ನರ್ಸ್ ಜೇಬಿನಿಂದ ಒಂದು ಕ್ಯಾಪ್ಸೂಲ್ ತೆಗೆದು, ವಾರ್ಡಿನಲ್ಲಿ ಮಾಡುವಂತೆಯೇ ತಿರುಚಿ ಬಿಚ್ಚಿದಳು. ಕಿಟಕಿಯ ಬಿಸಿಲಲ್ಲಿ ಪುಡಿ ಹೊಗೆಯಂತೆ ಎದ್ದು, ಚಾಲಕನ ಹೆಂಡತಿಯ ಕರಿ ಶಾಲಿನ ಮೇಲೆ, ದೂರಿನ ಹಾಳೆಯ ಮೇಲೆ, ಅದನ್ನು ಬಿಚ್ಚಿದ ನರ್ಸಿನ ಬೆರಳುಗಳ ಮೇಲೆ ಕೂತಿತು. ಆಕೆ ಶಾಲು ಒರೆಸಿಕೊಂಡಳು. ಮಾಸಲು ಬಿಳುಪು ಇನ್ನಷ್ಟು ಹರಡಿತು.

"ಈ ಕೈಯಲ್ಲೇ ಅವರ ನಳಿಕೆ ಮುಟ್ಟಿದ್ರಾ?"

"ತೊಳ್ಕೊಂಡೇ ಮುಟ್ಟಿದೆ, ಅಮ್ಮಾ. ತೊಳೆದ್ರೂ ಪೂರ್ತಿ ಹೋಗಲ್ಲ ಇದು. ಬಿಚ್ಚಿದ್ದಂತೂ ನಾನೇ."

ಚಾಲಕನ ಹೆಂಡತಿ ಆ ಬೆರಳುಗಳನ್ನೇ ನೋಡಿದಳು. ಆಮೇಲೆ ದೂರಿನಲ್ಲಿದ್ದ ನರ್ಸ್ ಎಂಬ ಪದ ಹೊಡೆದುಹಾಕಿ, ದೊಡ್ಡ ಡಾಕ್ಟರು ಎಂದು ಬರೆದಳು. ಕೊಂಚ ತಡೆದು, ನರ್ಸ್ ಎಂಬುದನ್ನೂ ಪಕ್ಕದಲ್ಲಿ ಮತ್ತೆ ಸೇರಿಸಿದಳು. ಸಹಿ ಹಾಕಿ ಒಳಗೆ ಕೊಟ್ಟಳು.

ಪುಡಿ ಅಂಟಿದ್ದ ಆ ಹಾಳೆ ಕಚೇರಿಯಲ್ಲಿ ಕಳೆದುಹೋಯಿತು. ಮರುದಿನ ನರ್ಸಿಗೆ ಅಮಾನತಿನ ಆದೇಶ ಬಂತು. ಅದರಲ್ಲಿ ಕೈ ತೊಳೆಯುವ ಮಾತಿರಲಿಲ್ಲ, ಸತ್ತವನೂ ಇರಲಿಲ್ಲ. ಆಸ್ಪತ್ರೆಯ ಸ್ವತ್ತಾದ ಒಂದು ಕ್ಯಾಪ್ಸೂಲನ್ನು ಅನುಮತಿಯಿಲ್ಲದೆ ವಾರ್ಡಿನ ಹೊರಗೊಯ್ದು ಹಾಳು ಮಾಡಿದ್ದು ಅಪರಾಧವೆಂದು ಬರೆದಿತ್ತು.