ಬರೀ ಬೆಲ್ಲ

“ದಿಂಬು ಎಡಕ್ಕ ಕೊಡ್ರಿ ಅಂದೆ, ಮಾಮಾ! ಬಲಕ್ಕಲ್ಲ!”

ಇದನ್ನು ಹೇಳಿ ಹೇಳಿ ಆರತಿಗೆ ಸಾಕಾಗಿತ್ತು. ಸೋದರಮಾವ ಮುರುಗೆಪ್ಪ ಅವಳ ತಮ್ಮ ಗುರುಪಾದನ ಹೆಣವನ್ನು ಗೋಡೆಗೆ ನೆಟ್ಟಗೆ ಕೂಡಿಸಲು ಹೋಗಿ ಬೆವರಿ ನೀರಾಗಿದ್ದ. ಅವರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ವಿಭೂತಿ ಹಚ್ಚಿ, ಪದ್ಮಾಸನ ಹಾಕಿ ಕೂಡಿಸಿ, ಕೂತಂತೆಯೇ ಮಣ್ಣು ಮಾಡುತ್ತಾರೆ. ಗುರುಪಾದನದು ಹುಟ್ಟಿನಿಂದ ಬಂದ, ಸ್ನಾಯು ಸವೆಸುವ ರೋಗ. ಹನ್ನೊಂದನೇ ವಯಸ್ಸಿಗೆ ನಡಿಗೆ ನಿಂತಿತು, ಆಮೇಲೆ ಬೆನ್ನು ಎಡಕ್ಕೆ ಬಾಗಿತು, ಮೊಣಕಾಲು ಮಡಿಚಿದ್ದು ಮಡಿಚಿದಂತೆಯೇ ಸೆಟೆಯಿತು. ನಿನ್ನೆ ಉಸಿರೂ ಸೋತಿತು.

“ಪದ್ಮಾಸನ ಆಗಬೇಕಲ್ಲವಾ,” ಎಂದು ಮುರುಗೆಪ್ಪ ಮೊಣಕಾಲು ಒತ್ತಿದ.

“ಇಷ್ಟು ವರ್ಷ ಆಗದ್ದು ಈಗ ಆಗತೈತೇನ್ರಿ? ಅಂವ ಹೆಂಗ ಕುಂದರತಿದ್ದ ಹಂಗ ಕುಂದರ್ಲಿ ಬಿಡ್ರಿ!”

ಅವಳೇ ದಿಂಬು ಕಸಿದು ಎಡಪಕ್ಕೆಗೆ ಕೊಟ್ಟಳು. ತಲೆ ನೆಟ್ಟಗಾಯಿತು. ಅಂಗಡಿಯಲ್ಲಿ ಗಾಲಿ ಕುರ್ಚಿಯ ಮೇಲೆ ಕೂಡುತ್ತಿದ್ದಂತೆಯೇ ಗುರುಪಾದ ಕೂತ.

ಹುಡುಗಿಗೆ ಸೋಲುವುದು ಮುರುಗೆಪ್ಪನ ಜಾಯಮಾನವಲ್ಲ. “ಪಿಎಚ್‌ಡಿ ಮುಗೀತು ಅಂದಿ, ಅದರ ಮ್ಯಾಲೂ ಮತ್ತ ಸಂಶೋಧನೆ ಅಂತಿ. ಹುಡುಗನ ಬ್ಯಾನಿ ಕಾಲಾಗ, ನೀ ನೋಡೂದು ತಲಿ! ಹಿಂಗಾದ್ರ ಅಂವ ಆರಾಮ ಹೆಂಗ ಆಗಬೇಕಿತ್ತು?”

ಹೊಸ್ತಿಲ ಬಳಿ ಕೂತಿದ್ದ ತಾಯಿ ಸಂಗವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. “ನಾನೂ ಅದನ್ನ ಕೇಳಿ ಕೇಳಿ ಸಾಕಾಗೇನಿ, ಅಣ್ಣಾ.”

ಮಾಮಾನ ಮಾತನ್ನು ಆರತಿ ಗಾಳಿಗೆ ಬಿಟ್ಟಾಳು. ಅವ್ವನ ಮಾತು ನಾಟಿತು. ಊರಿಗೆ ತಿಳಿಯದಿದ್ದರೆ ಬೇಡ, ಅವ್ವ ಒಬ್ಬಳಿಗೆ ತಿಳಿದರೆ ಸಾಕೆಂದು ಎಷ್ಟು ಸಲ ಬಾಯಿ ನೋಯಿಸಿಕೊಂಡಿದ್ದಳು. ಇನ್ನು ತಿಳಿದರೂ ಏನು ಬಂತು ಎಂದು ಸಿಟ್ಟು ಉಕ್ಕಿತು.

*

ಕೆಲಗೇರಿ ರಸ್ತೆಯ ಅವರ ಕಿರಾಣಿ ಅಂಗಡಿಯಲ್ಲಿ ಗುರುಪಾದ ದುಡ್ಡಿನ ಗಲ್ಲೆಯ ಮುಂದೆ ಕೂಡುತ್ತಿದ್ದ. ಗಿರಾಕಿ ಹೇಳಿದ್ದನ್ನು ಅವನು ಒಳಗೆ ಕೂಗಬೇಕು, ಸಂಗವ್ವ ತೂಗಿ ತರಬೇಕು. ಅಪ್ಪ ತೀರಿದ ಮೇಲೆ ಮಾಡಿಕೊಂಡ ಏರ್ಪಾಡು ಅದು.

“ಎರಡು ಕಿಲೋ ಗೋದಿಹಿಟ್ಟು, ಒಂದು ಕಿಲೋ ಕಡ್ಲಿಬ್ಯಾಳಿ, ಅರ್ಧ ಕಿಲೋ ಬೆಲ್ಲ,” ಎಂದಳು ಒಂದು ದಿನ ಎದುರುಮನೆಯ ನೀಲಾ.

“ಅವ್ವಾ, ಅರ್ಧ ಕಿಲೋ ಬೆಲ್ಲ!”

“ಬರೀ ಬೆಲ್ಲದಾಗ ಹೋಳಗಿ ಹೆಂಗ ಮಾಡ್ಲೋ ಮಾರಾಯಾ?” ನೀಲಾ ನಕ್ಕಳು.

ಗುರುಪಾದನಿಗೆ ರೇಗಿತು. “ಒಂದೊಂದ ಹೇಳ್ರಿ! ಒಂದ ಸಲಕ್ಕ ಒಂದ! ಎಷ್ಟು ಸಲ ಹೇಳಬೇಕು ನಿಮಗ?”

ಸಂಗವ್ವ ತಕ್ಕಡಿ ಬಿಟ್ಟು ಹೊರಗೆ ಬಂದಳು. “ಹಟಮಾರಿ. ಸಿನೆಮಾದ ಹಾಡು ಪೂರ್ತಿ ಬರತಾವ, ಮೂರು ಸಾಮಾನು ನೆನಪಿರೂದಿಲ್ಲಂತ. ಬೇಕಂತನ ಮಾಡತಾನ.”

ಸಾಲೆಯಲ್ಲೂ ಇದೇ ಹಾಡಾಗಿತ್ತು. ಹೇಳಿದ್ದು ಕೇಳುವುದಿಲ್ಲವೆಂದು ಮಾಸ್ತರರು ಅವನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು, ನೆಲದ ಮೇಲೆಯೇ ನಿಲ್ಲಲು ತಿಣುಕುತ್ತಿದ್ದ ಹುಡುಗನನ್ನು!

ಅಂದು ಸಂಜೆ ಆರತಿ ಮತ್ತೆ ಶುರುಮಾಡಿದಳು. “ಅವ್ವಾ, ಅವನ ಮೈಯಾಗ ಒಂದು ಪ್ರೋಟೀನ್ ಇಲ್ಲ. ಅದು ಕಾಲಿಗಷ್ಟ ಅಲ್ಲ, ಮಿದುಳಿಗೂ ಬೇಕು. ಅದಿಲ್ಲಂದ್ರ ಮಿದುಳಿನ ಜೀವಕೋಶ ಹೆಂಗ ಬೆಳೀತಾವ ಅಂತ ನಮ್ಮ ಲ್ಯಾಬಿನ್ಯಾಗ ನೋಡಾಕತ್ತೇನಿ. ಇವನ ರಕ್ತದಿಂದನ ಬೆಳಸೇನಿ. ಇಂಥಾ ಹುಡುಗರಿಗೆ ಮೂರು ಮಾತು ಒಮ್ಮೆಲೆ ಹೇಳಿದ್ರ ಜಾರಿ ಹೋಗತಾವ. ಒಂದು ಹೇಳು, ಹೂಂ ಅನ್ನೂತನಕ ತಡಿ, ಆಮ್ಯಾಲೆ ಇನ್ನೊಂದು ಹೇಳು. ಅದು ಹಟ ಅಲ್ಲ.”

“ತಮ್ಮನ ಪರ ಅಕ್ಕನ ವಕೀಲಿ,” ಎಂದು ಸಂಗವ್ವ ರೊಟ್ಟಿ ಬಡಿಯಲು ಎದ್ದಳು.

ಗುರುಪಾದ ಕುರ್ಚಿಯಿಂದ ಕಣ್ಣು ಮಿಟುಕಿಸಿದ. “ನೀನೂ ಭಾಳ ಹೇಳಿದಿ, ಅಕ್ಕಾ. ನನಗ ಕಡೀದಷ್ಟ ನೆನಪೈತಿ. ಹಟ ಅಲ್ಲ.”

*

ಹೆಣವನ್ನು ಕೂಡಿಸಿ ಒಯ್ಯುವ, ಹೂವು ಕಟ್ಟಿದ ವಿಮಾನ ಅಂಗಳಕ್ಕೆ ಬಂತು. ಗುರುಪಾದನನ್ನು ಅದರಲ್ಲಿ ಕೂಡಿಸಿದರು. ಆರತಿ ದಿಂಬನ್ನು ಮರೆಯದೆ ಎಡಕ್ಕೇ ಇಟ್ಟಳು. ಹೆಂಗಸರು ಸುತ್ತುಗಟ್ಟಿ ಹಾಡ್ಯಾಡಿ ಅಳತೊಡಗಿದರು. ಹೋಗುವವನ ಕೈಯಲ್ಲಿ ಮೊದಲೇ ಹೋದವರಿಗೆ ಸುದ್ದಿ ಹೇಳಿ ಕಳಿಸುವ ರೂಢಿ ಬೇರೆ.

“ನಮ್ಮವ್ವಗ ಹೇಳೋ ಗುರೂ, ನನ್ನ ಮೊಣಕಾಲು ಹಿಡದಾವಂತ,” ಎಂದು ಮುರುಗೆಪ್ಪನ ಹೆಂಡತಿ ಪ್ರಭಾವತಿ ರಾಗ ಎಳೆದಳು. “ತಮ್ಮ ಮನಿ ಕಟ್ಟಿಸಿದನಂತ ಹೇಳೋ, ನನ್ನ ಕರೀಲಿಲ್ಲಂತ ಹೇಳೋ...”

“ನಮ್ಮ ಮನಿಯವರಿಗೆ ಹೇಳೋ, ಮಗಳ ಲಗ್ನ ಆತಂತ,” ಎಂದು ನೀಲಾ ಅದರ ಮೇಲೆಯೇ ದನಿ ಎತ್ತಿದಳು. “ಅಳಿಯಾ ಛಲೋ ಅದಾನಂತ ಹೇಳೋ...”

ಮುರುಗೆಪ್ಪನೂ ಸುಮ್ಮನಿರಲಿಲ್ಲ. “ಅಜ್ಜಗ ಹೇಳಪಾ, ಅಮ್ಮಿನಬಾವಿ ಹೊಲದಾಗ ಬೋರಿಗೆ ನೀರು ಬಿತ್ತಂತ. ಮತ್ತ ಆ ಬದುವಿನ ತಂಟೆ...”

“ಬಾಯಿ ಮುಚ್ಚರಿ ಎಲ್ಲಾರೂ!”

ಸಂಗವ್ವ ಎದ್ದು ನಿಂತಿದ್ದಳು. ಅಂಗಳದ ಮೂಲೆಯಲ್ಲಿ ಕೂತಿದ್ದ ಭಜನೆಯವರ ತಾಳ ನಿಂತಿತು.

“ಒಂದೊಂದ ಹೇಳ್ರಿ! ಒಂದ ಸಲಕ್ಕ ಒಂದ! ಎಷ್ಟು ಸಲ ಹೇಳಬೇಕು ನಿಮಗ? ಇಷ್ಟೆಲ್ಲಾ ಹೇರಿದ್ರ ಅಂವ ಹೆಂಗ ನೆನಪಿಡಬೇಕು? ಅಲ್ಲಿ ಹೋಗಿ ಕಡೀದಷ್ಟ ಹೇಳತಾನ, ಮತ್ತ ಅವರೂ ಹಟಮಾರಿ ಅಂತಾರ ನನ್ನ ಮಗಗ!”

ಬೆಳಗಿನಿಂದ ಎಲ್ಲರ ಮೇಲೂ ಹರಿಹಾಯುತ್ತಿದ್ದ ಆರತಿ ಬಾಗಿಲ ಚೌಕಟ್ಟು ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು.

ಸಂಗವ್ವ ಮಗನ ಕಿವಿಯ ಹತ್ತಿರ ಬಾಗಿದಳು. “ನಿಮ್ಮಪ್ಪನ ಹಂತ್ಯಾಕ ಹೋಗು,” ಎಂದಳು.

ವಿಮಾನ ಎತ್ತಲು ನಾಲ್ವರು ಬಗ್ಗಿದರು. ಸಂಗವ್ವ ಕೈ ಅಡ್ಡ ಹಿಡಿದಳು. ಅವಳಿಗೆ ಇನ್ನೂ ಒಂದು ಮಾತು ಹೇಳುವುದಿತ್ತು. ಅದನ್ನು ಬಾಯಲ್ಲೇ ಹಿಡಿದುಕೊಂಡು, ಅವನ ಮುಖವನ್ನೇ ನೋಡುತ್ತ, ಅವನು ಹೂಂ ಅನ್ನಲಿ ಎಂದು ಕಾಯುತ್ತ ನಿಂತಳು.